ಅಂಗನವಾಡಿಯೋ, ಪ್ಲೇಹೋಮೋ, ಎಲ್‌ಕೆಜಿಯೋ: ಮಲೆನಾಡಿನ ಮಗುವಿಗೆ ಮೊದಲ ಶಾಲೆ ಆರಿಸುವಾಗ

ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ಮೂರು ವರ್ಷದ ಆಸುಪಾಸಿನ ಮಗುವಿರುವ ಮನೆಗಳಲ್ಲಿ ಒಂದೇ ಮಾತು: ಈ ಜೂನ್‌ಗೆ ಎಲ್ಲಿಗೆ ಹಾಕೋದು? ಅತ್ತೆಗೆ ಊರಿನ ಅಂಗನವಾಡಿಯೇ ಸಾಕು. ಪಕ್ಕದ ಮನೆಯವರು ಪೇಟೆಯ ಶಾಲೆಗೆ ಈಗಾಗಲೇ ಅರ್ಜಿ ತಂದಿದ್ದಾರೆ. ಶಿವಮೊಗ್ಗದಲ್ಲಿರುವ ತಂಗಿ ಮಾಂಟೆಸ್ಸರಿ ಎನ್ನುತ್ತಾಳೆ. ಇನ್ನೊಬ್ಬರು, ಎಲ್‌ಕೆಜಿಗೇ ಸೇರಿಸದಿದ್ದರೆ ಒಂದನೇ ಕ್ಲಾಸಿಗೆ ಸೀಟೇ ಸಿಗುವುದಿಲ್ಲ ಎಂದು ಹೆದರಿಸುತ್ತಾರೆ. ಎಲ್ಲರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಹಾಗಾಗಿಯೇ ತೀರ್ಮಾನಕ್ಕೆ ಬರುವುದು ಕಷ್ಟ.

ನಮ್ಮ ಸೀಮೆಯಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಶಾಲೆ ನೋಡಲು ಹೋಗುವುದು ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ. ಮಗು ಶಾಲೆಗೆ ಹೋಗಲು ಶುರುಮಾಡುವುದು ಜೂನ್ ಮಳೆಯಲ್ಲಿ. ಅಮ್ಮನನ್ನು ಬಿಟ್ಟಿರಲು ಕಲಿಯಬೇಕಾದ ವಾರಗಳೂ ಒಣಗದ ಬಟ್ಟೆ, ನೆಗಡಿ, ಕರೆಂಟಿಲ್ಲದ ಕೋಣೆ, ತಡವಾಗುವ ವ್ಯಾನ್ ಇವೆಲ್ಲ ಒಟ್ಟಿಗೆ ಬರುವ ವಾರಗಳೂ ಒಂದೇ. ಆದ್ದರಿಂದ ಯಾವ ಶಾಲೆ ನೋಡಿದರೂ ಅದನ್ನು ಜುಲೈ ತಿಂಗಳಲ್ಲಿ ಊಹಿಸಿಕೊಂಡು ನೋಡಿ. ಮುಂದೆ ಬರುವ ಎಲ್ಲ ತೂಕದ ಹಿಂದೆಯೂ ಈ ಮಾತೇ ಇದೆ.

ಮೊದಲು ವಯಸ್ಸಿನ ಲೆಕ್ಕ

ಕರ್ನಾಟಕದ ನಿಯಮದ ಪ್ರಕಾರ ಜೂನ್ 1ಕ್ಕೆ ಎಲ್‌ಕೆಜಿಗೆ 4 ವರ್ಷ, ಯುಕೆಜಿಗೆ 5, ಒಂದನೇ ತರಗತಿಗೆ 6 ತುಂಬಿರಬೇಕು. 2025–26ರಲ್ಲಿ ಯುಕೆಜಿ ಮುಗಿಸಿದ ಮಕ್ಕಳಿಗಾಗಿ ಇದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಮತ್ತೆ ಸಡಿಲಿಸುತ್ತಾರೆ ಎಂದು ನಂಬಿ ಲೆಕ್ಕ ಹಾಕಬೇಡಿ. 2022ರ ಮೇ ತಿಂಗಳಲ್ಲಿ ಹುಟ್ಟಿದ ಮಗು 2026ರ ಜೂನ್‌ನಲ್ಲಿ ಎಲ್‌ಕೆಜಿ, 2028ರಲ್ಲಿ ಒಂದನೇ ತರಗತಿ. ಅದೇ ವರ್ಷ ಜೂನ್ 15ರಂದು ಹುಟ್ಟಿದ ಮಗುವಿಗೆ ಎಲ್‌ಕೆಜಿ 2027ರಲ್ಲಿ, ಒಂದನೇ ತರಗತಿ 2029ರಲ್ಲಿ. ಹುಟ್ಟಿದ್ದು ಕೆಲವೇ ದಿನ ಹಿಂದೆಮುಂದೆಯಾದರೂ ಶಾಲೆಯಲ್ಲಿ ಒಂದಿಡೀ ವರ್ಷದ ಅಂತರ.

ಇದು ಗೊತ್ತಿಲ್ಲದೆ ಎರಡೂವರೆ ವರ್ಷಕ್ಕೇ ನರ್ಸರಿಗೆ ಸೇರಿಸಿ, ಮೂರೂವರೆಗೆ ಎಲ್‌ಕೆಜಿಗೆ ದಾಟಿಸಿದರೆ, ಕೊನೆಗೆ ಮಗು ಯುಕೆಜಿಯನ್ನು ಎರಡು ಸಲ ಓದಬೇಕಾಗುತ್ತದೆ. ಗೆಳೆಯರೆಲ್ಲ ಮುಂದೆ ಹೋಗಿ ತಾನೊಬ್ಬನೇ ಉಳಿದಾಗ ಮಗುವಿಗೆ ಆಗುವ ನೋವು ಸಣ್ಣದಲ್ಲ, ಒಂದು ವರ್ಷದ ಶುಲ್ಕವೂ ವ್ಯರ್ಥ. ಹಾಗಾಗಿ ಜನನ ಪ್ರಮಾಣಪತ್ರ ಎದುರಿಗಿಟ್ಟುಕೊಂಡು, ಒಂದನೇ ತರಗತಿ ಯಾವ ಜೂನ್ ಎಂದು ಬರೆದು, ಅಲ್ಲಿಂದ ಹಿಂದಕ್ಕೆ ಎಣಿಸಿ. ನಾಲ್ಕಕ್ಕೆ ಮೊದಲಿನ ವರ್ಷಕ್ಕೆ ಒಂದು ತೀರ್ಮಾನ, ನಾಲ್ಕರಿಂದ ಆರಕ್ಕೆ ಇನ್ನೊಂದು. ಎರಡೂ ಒಂದೇ ಶಾಲೆಯಾಗಬೇಕೆಂದು ಎಲ್ಲೂ ಇಲ್ಲ.

ಯಾವುದರಿಂದ ಅಳೆಯಬೇಕು

ದಾರಿ. ಮೂರು ವರ್ಷದ ಮಗುವಿಗೆ ಒಂದು ಬದಿಯ ಪ್ರಯಾಣ ಇಪ್ಪತ್ತು ನಿಮಿಷ ದಾಟಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಮೇ ತಿಂಗಳಲ್ಲಿ ಹತ್ತು ನಿಮಿಷದ ದಾರಿ ಜಡಿಮಳೆಯಲ್ಲಿ ಅರ್ಧ ಗಂಟೆಯಾಗುತ್ತದೆ. ನಡುವೆ ಹಳ್ಳ ಇದೆಯೇ, ಸಂಕ (ಕಾಲುಸೇತುವೆ) ಇದೆಯೇ, ಅದಕ್ಕೆ ಕೈಹಿಡಿ ಇದೆಯೇ, ಧರೆ (ದಿಬ್ಬದ ಮಣ್ಣು) ಜರಿಯುವ ತಿರುವು ಎಲ್ಲಿದೆ, ಇವನ್ನು ನಡೆದೇ ನೋಡಿ. ವ್ಯಾನ್ ಇದ್ದರೆ ಶಾಲೆಯ ಆಫೀಸಿನಲ್ಲಿ ಕೇಳಬೇಡಿ, ಚಾಲಕರನ್ನೇ ಕೇಳಿ: ನಮ್ಮ ಮನೆ ಎಷ್ಟನೆಯ ಸ್ಟಾಪ್? ಮೊದಲನೆಯದಾದರೆ ಶಾಲೆ ಎಂಟು ಕಿಲೋಮೀಟರ್ ದೂರವಿದ್ದರೂ ಮಗು ಬೆಳಿಗ್ಗೆ ಐವತ್ತು ನಿಮಿಷ ವ್ಯಾನಿನಲ್ಲೇ ಕೂರುತ್ತದೆ. ಸಂಜೆ ಅದೇ ಕ್ರಮದಲ್ಲಿ ಇಳಿಸಿದರೆ ಬೇಗ ಇಳಿಯುತ್ತದೆ, ತಿರುಗಿಸಿ ಹೋದರೆ ಕೊನೆಗೆ. ಹಳದಿ ಬೋರ್ಡ್ ಇದೆಯೇ, ಕಿಟಕಿಗೆ ಸರಳುಗಳಿವೆಯೇ, ಚಾಲಕರಲ್ಲದೆ ಇನ್ನೊಬ್ಬರು ದೊಡ್ಡವರು ಇರುತ್ತಾರೆಯೇ ನೋಡಿ. ಸ್ಕೂಟರಿನಲ್ಲಿ ಬಿಡುವವರಿಗೆ: 2023ರ ಫೆಬ್ರುವರಿಯಿಂದ ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್ ಮತ್ತು ಸವಾರರಿಗೆ ಕಟ್ಟುವ ಸುರಕ್ಷಾ ಪಟ್ಟಿ ಕಡ್ಡಾಯ, ವೇಗ ಗಂಟೆಗೆ 40 ಕಿಲೋಮೀಟರ್ ದಾಟುವಂತಿಲ್ಲ. ಮಗುವನ್ನು ಮುಂದೆ ನಿಲ್ಲಿಸಿಕೊಂಡು ರೇನ್‌ಕೋಟಿನೊಳಗೆ ಮುಚ್ಚಿಕೊಂಡು ಹೋಗುವುದು ಎಲ್ಲ ಕಡೆ ಕಾಣುತ್ತದೆ. ಅದು ನಿಜಕ್ಕೂ ಅಪಾಯ, ಮಗುವಿಗೆ ಹಿಡಿತವೂ ಇರುವುದಿಲ್ಲ, ಗಾಳಿಯೂ ಇರುವುದಿಲ್ಲ.

ಕೈಗಳು. ಕಟ್ಟಡಕ್ಕಿಂತ ಮುಖ್ಯವಾದದ್ದು ಇದು. ಕೇಂದ್ರ ಸರ್ಕಾರದ 2013ರ ಶಿಶು ಶಿಕ್ಷಣ ನೀತಿಯ ಜೊತೆಗಿನ ಮಾನದಂಡದಲ್ಲಿ ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು, ಮೂರರೊಳಗಿನ 10 ಮಕ್ಕಳಿಗೆ ಒಬ್ಬರು ದೊಡ್ಡವರಿರಬೇಕು. 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರ್ ಕೋಣೆ ಬೇಕು, ಅಂದರೆ ಸುಮಾರು ಇಪ್ಪತ್ತು ಅಡಿಗೆ ಹತ್ತೊಂಬತ್ತು ಅಡಿ. ಕಾಗದದ ಲೆಕ್ಕ ಬಿಟ್ಟು ಒಂದು ಪ್ರಶ್ನೆ ಕೇಳಿ: ಒಂದು ಮಗುವನ್ನು ಶೌಚಾಲಯಕ್ಕೆ ಕರೆದುಕೊಂಡು ಹೋದಾಗ ಉಳಿದವರ ಜೊತೆ ಯಾರಿರುತ್ತಾರೆ? ಉತ್ತರ ತಡವರಿಸಿದರೆ ಅಲ್ಲಿ ಕೈ ಸಾಲುತ್ತಿಲ್ಲ ಎಂದರ್ಥ.

ಶೌಚಾಲಯ ಮತ್ತು ನೀರು. ಮನೆಯಲ್ಲಿ ವೆಸ್ಟರ್ನ್ ಕಮೋಡ್ ಅಭ್ಯಾಸವಾದ ಮಗುವಿಗೆ ಕುಕ್ಕರಗಾಲಲ್ಲಿ ಕೂರಲು ಬರುವುದಿಲ್ಲ. ಕಪ್ಪಗಿನ ಒದ್ದೆ ಕೋಣೆ ಕಂಡರೆ ಎಷ್ಟೋ ಮಕ್ಕಳು ಮಧ್ಯಾಹ್ನದವರೆಗೆ ತಡೆದುಕೊಳ್ಳುತ್ತವೆ, ಅದಕ್ಕಾಗಿ ನೀರನ್ನೇ ಕುಡಿಯುವುದಿಲ್ಲ. ಸಂಜೆ ಮೂತ್ರ ಉರಿ, ಮಲಬದ್ಧತೆ, ಮರುದಿನ ಶಾಲೆ ಬೇಡ ಎಂಬ ಹಟ. ಕಾರಣ ಶಾಲೆ ಅಲ್ಲ, ಶೌಚಾಲಯ. ಒಳಗೆ ಹೋಗಿ ದೀಪ, ನಲ್ಲಿ, ಬಾಗಿಲಿನ ಚಿಲಕ (ಮಗು ಒಳಗಿನಿಂದ ಹಾಕಿಕೊಂಡರೆ ಹೊರಗಿನಿಂದ ತೆಗೆಯಲಾಗುತ್ತದೆಯೇ) ನೋಡಿ ಬನ್ನಿ.

ಮಾತು. ಮಲೆನಾಡಿನ ಮನೆಗಳಲ್ಲಿ ಹವ್ಯಕ ಕನ್ನಡ, ಕೊಂಕಣಿ, ತುಳು, ಉರ್ದು, ಲಂಬಾಣಿ, ತಮಿಳು ಎಲ್ಲ ಇವೆ. ಬಾಯಾರಿಕೆಯಾಗಿದೆ, ಹೊಟ್ಟೆ ನೋಯುತ್ತಿದೆ ಎಂದು ಮಗು ತನ್ನ ಮನೆಮಾತಿನಲ್ಲಿ ಹೇಳಿದರೆ ಅರ್ಥವಾಗುವ ಒಬ್ಬರಾದರೂ ಅಲ್ಲಿರಬೇಕು. ಇಂಗ್ಲಿಷ್ ಬೇಗ ಬರಲಿ ಎಂಬ ಆಸೆ ತಪ್ಪಲ್ಲ. ಆದರೆ ಮೂರು ವರ್ಷಕ್ಕೆ ಮಗುವಿನ ತುರ್ತು ಇಂಗ್ಲಿಷ್ ಅಲ್ಲ. ತನ್ನ ಮಾತಿನಲ್ಲಿ ಕಥೆ ಹೇಳಬಲ್ಲ ಮಗು ಎರಡನೆಯ ಭಾಷೆಯನ್ನು ಸಲೀಸಾಗಿ ಹಿಡಿಯುತ್ತದೆ.

ಸಮಯ. ಶಾಲೆ ಬಿಡುವುದು ಹನ್ನೆರಡೂವರೆಗೋ, ಮೂರೂವರೆಗೋ, ನಾಲ್ಕಕ್ಕೋ? ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಅರ್ಧ ದಿನದ ಶಾಲೆ ಎಂದರೆ ಮಧ್ಯಾಹ್ನಕ್ಕೆ ಇನ್ನೊಂದು ಏರ್ಪಾಡು, ಇನ್ನೊಂದು ಖರ್ಚು. ಮಳೆ ರಜೆ ಬೆಳಿಗ್ಗೆ ಏಳಕ್ಕೆ ಘೋಷಣೆಯಾದರೆ ಮಗು ಯಾರ ಬಳಿ ಎಂಬುದನ್ನೂ ಈಗಲೇ ಗೊತ್ತುಮಾಡಿ.

ದುಡ್ಡು. ಫಲಕದಲ್ಲಿ ಬರೆದ ಶುಲ್ಕ ಪೂರ್ತಿ ಖರ್ಚಲ್ಲ. ವಾರ್ಷಿಕ ಶುಲ್ಕ 25,000 ಎಂದಿಟ್ಟುಕೊಳ್ಳಿ. ಪ್ರವೇಶ ಶುಲ್ಕ 5,000, ವ್ಯಾನ್ ತಿಂಗಳಿಗೆ 1,200ರಂತೆ ಹತ್ತು ತಿಂಗಳಿಗೆ 12,000, ಪುಸ್ತಕದ ಕಿಟ್ 3,000, ಸಮವಸ್ತ್ರ ಮೂರು ಜೊತೆ ಮತ್ತು ಶೂ 3,500, ಫ್ಯಾನ್ಸಿ ಡ್ರೆಸ್ಸು, ವಾರ್ಷಿಕೋತ್ಸವ, ಪ್ರವಾಸ ಸೇರಿ 2,500 ಆದರೆ ಮೊತ್ತ 51,000. ಫಲಕದ ಎರಡರಷ್ಟು! ನಿಮಗೆ ಸಿಕ್ಕ ಅಂಕಿಗಳನ್ನು ಇದೇ ಸಾಲಿನಲ್ಲಿ ಬರೆದು ಕೂಡಿಸಿ, ಆಮೇಲೆ ಹೋಲಿಸಿ. ಸಮವಸ್ತ್ರ ಮೂರು ಜೊತೆ ಎಂದದ್ದು ಸುಮ್ಮನೆ ಅಲ್ಲ. ನಮ್ಮ ಮಳೆಗಾಲದಲ್ಲಿ ಎರಡು ಜೊತೆ ಒಣಗುವುದಿಲ್ಲ. ಬಚ್ಚಲೊಲೆಯ ಮೇಲೆ ಹರವಿದರೆ ಹೊಗೆ ವಾಸನೆ.

ಅಂಗನವಾಡಿ

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಯೋಜನೆಯಿದು. ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಐವತ್ತು ವರ್ಷದಲ್ಲಿ ಅದು ಹೆಚ್ಚುಕಡಿಮೆ ಪ್ರತಿ ಊರನ್ನೂ ತಲುಪಿದೆ. ಅದರ ಮೊದಲ ಗುಣ ಅದೇ: ಮಗು ನಡೆದು ಹೋಗಬಹುದಾದ ದೂರ. ಟೀಚರ್ ಹೆಚ್ಚಾಗಿ ಅದೇ ಊರಿನವರು ಅಥವಾ ಪಕ್ಕದೂರಿನವರು. ಮಗುವಿಗೆ ಜ್ವರ ಬಂದರೆ ಯಾರಿಗೆ ಫೋನು ಮಾಡಬೇಕೆಂದು ಅವರಿಗೆ ಗೊತ್ತು, ಅಜ್ಜಿಯ ಹೆಸರೂ ಗೊತ್ತು. ಮೂರರಿಂದ ಆರರವರೆಗಿನ ಮಕ್ಕಳು ಒಟ್ಟಿಗಿರುವುದರಿಂದ ಚಿಕ್ಕವು ದೊಡ್ಡವನ್ನು ನೋಡಿ ಕೈ ತೊಳೆಯುವುದು, ಸಾಲಿನಲ್ಲಿ ಕೂರುವುದು ಕಲಿಯುತ್ತವೆ. ಇದನ್ನೇ ಪೇಟೆಯಲ್ಲಿ ಹೆಚ್ಚು ಶುಲ್ಕ ಕೊಟ್ಟು ಹುಡುಕುತ್ತಾರೆ ಎಂಬುದು ನೆನಪಿರಲಿ.

ಬಿಸಿ ಊಟ, ಹಾಲು, ವಾರದಲ್ಲಿ ಮೊಟ್ಟೆ, ತಿಂಗಳ ತೂಕ, ಲಸಿಕೆಯ ನೆನಪು ಎಲ್ಲ ಉಚಿತ. ಹಾಲು ಕೊಡುವ ಕ್ಷೀರಭಾಗ್ಯ 2013ರಲ್ಲಿ ಬಂತು. ಮನೆಯಲ್ಲಿ ತುತ್ತಿಗೊಂದು ಕಥೆ ಹೇಳಿಸಿಕೊಳ್ಳುವ ಮಗು ಹತ್ತು ಮಕ್ಕಳ ನಡುವೆ ಕೂತು ತಟ್ಟೆ ಖಾಲಿ ಮಾಡುವುದು ಸಾಮಾನ್ಯ. ಆ ಒಂದು ಲಾಭವನ್ನು ಬೇರೆ ಯಾವ ಆಯ್ಕೆಯೂ ಇಷ್ಟು ಸುಲಭವಾಗಿ ಕೊಡುವುದಿಲ್ಲ. ತೂಕದ ಪಟ್ಟಿಯನ್ನು ತಿಂಗಳಿಗೊಮ್ಮೆ ಕೇಳಿ ನೋಡಿ. ಎರಡು ಮೂರು ತಿಂಗಳು ಗೆರೆ ಏರದಿದ್ದರೆ ವೈದ್ಯರ ಬಳಿ ಹೋಗಲು ಅದೇ ಮೊದಲ ಎಚ್ಚರಿಕೆ.

ಕೊರತೆ ಎಲ್ಲಿ? ಟೀಚರ ಸಮಯದಲ್ಲಿ. ಗರ್ಭಿಣಿಯರ ಪಟ್ಟಿ, ಮನೆಗೆ ಕೊಡುವ ಆಹಾರ, ಮೊಬೈಲಿನಲ್ಲಿ ದಾಖಲೆ ತುಂಬುವುದು, ಸಮೀಕ್ಷೆ, ಸಭೆ ಎಲ್ಲ ಅವರ ಮೇಲೆಯೇ. ಅವರು ಸಭೆಗೆ ಹೋದ ದಿನ ಸಹಾಯಕಿಯೊಬ್ಬರೇ ಅಡುಗೆಯನ್ನೂ ಮಕ್ಕಳನ್ನೂ ನೋಡಬೇಕು. ಹುದ್ದೆ ಖಾಲಿ ಇದ್ದರಂತೂ ಪಕ್ಕದ ಕೇಂದ್ರದವರು ಎರಡನ್ನೂ ನಡೆಸುತ್ತಾರೆ. ಹಾಗಾಗಿ ಒಂದೇ ತಾಲ್ಲೂಕಿನ ಎರಡು ಅಂಗನವಾಡಿಗಳಿಗೆ ಅಜಗಜಾಂತರವಿರಬಹುದು. ಒಂದರಲ್ಲಿ ದಿನವೂ ಹಾಡು, ಅಭಿನಯ, ಜೇಡಿಮಣ್ಣು. ಇನ್ನೊಂದರಲ್ಲಿ ಗೋಡೆಗೊರಗಿ ಕೂತ ಮಕ್ಕಳು. ಹೆಸರು ನೋಡಿ ತೀರ್ಮಾನ ಮಾಡಬೇಡಿ. ಬೆಳಿಗ್ಗೆ ಹತ್ತೂವರೆಗೆ, ಹೇಳದೆ, ಎರಡು ಬೇರೆ ಬೇರೆ ದಿನ ಹೋಗಿ ನೋಡಿ. ಅಡುಗೆ ಒಲೆ ಬೇರೆ ಕೋಣೆಯಲ್ಲಿದೆಯೇ, ಹೆಂಚು ಸೋರಿದ ಕಲೆ ಎಲ್ಲಿದೆ, ನೆಲದ ಮೇಲೆ ಜಮಖಾನ ಇದೆಯೇ, ಹಿಂದೆ ಧರೆ ಎಷ್ಟು ಹತ್ತಿರ, ಬಾವಿಗೆ ಮುಚ್ಚಳ ಇದೆಯೇ, ಕಾಂಪೌಂಡ್ ಇದೆಯೇ ನೋಡಿ. ಕೊರತೆ ಕಂಡರೆ ದೂರು ಹೇಳುವುದಷ್ಟೇ ದಾರಿಯಲ್ಲ. ಬಾಲವಿಕಾಸ ಸಮಿತಿಯಲ್ಲಿ ಪೋಷಕರಿಗೆ ಜಾಗವಿದೆ. ಜಮಖಾನ, ಚಿತ್ರದ ಪುಸ್ತಕ, ಬಾಗಿಲಿಗೊಂದು ಅಡ್ಡಹಲಗೆ ಇವೆಲ್ಲ ಊರವರು ಮನಸ್ಸು ಮಾಡಿದರೆ ಆಗುವ ಕೆಲಸ.

ಒಂಟಿ ತೋಟದ ಮನೆಗಳಿಗೆ ಇನ್ನೊಂದು ಸಮಸ್ಯೆ: ಕೇಂದ್ರ ಇದೆ, ಮಕ್ಕಳು ಕಡಿಮೆ. ನಾಲ್ಕೈದು ಮಕ್ಕಳಿದ್ದರೂ ಚಿಂತೆಯಿಲ್ಲ, ಆಟಕ್ಕೆ ಅಷ್ಟು ಸಾಕು. ದಿನವೂ ಬರುವುದು ಒಬ್ಬರೋ ಇಬ್ಬರೋ ಆದರೆ ಮಾತ್ರ ಬೇರೆ ಯೋಚಿಸಿ.

ಸರ್ಕಾರಿ ಶಾಲೆಯ ಎಲ್‌ಕೆಜಿ

2019–20ರಿಂದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರುವಾದವು. ಇಲ್ಲಿ ಸೇರಿದ ಮಗು ಪಿಯುಸಿವರೆಗೆ ಅದೇ ಆವರಣದಲ್ಲಿ ಓದಬಹುದು. ನಾಲ್ಕು ತುಂಬಿದ ಮಗುವಿಗೆ, ಕನ್ನಡದ ಜೊತೆ ಇಂಗ್ಲಿಷ್ ಪರಿಚಯವೂ ಆಗಲಿ, ಖರ್ಚು ಕೈಮೀರಬಾರದು ಎನ್ನುವವರಿಗೆ ಇದು ಒಳ್ಳೆಯ ದಾರಿ. ಸೀಟು ಮಿತಿಯಲ್ಲಿರುತ್ತದೆ, ಏಪ್ರಿಲ್‌ನಲ್ಲೇ ವಿಚಾರಿಸಬೇಕು. ಟೀಚರ್ ಗೌರವಧನದ ಮೇಲೆ ಇರುವವರಾದರೆ ಪ್ರತಿ ಜೂನ್‌ನಲ್ಲಿ ಬದಲಾಗಬಹುದು. ಹೋದ ವರ್ಷದವರೇ ಮುಂದುವರಿಯುತ್ತಾರೆಯೇ, ಯಾವ ವಾರದಿಂದ ಬರುತ್ತಾರೆ ಎಂದು ಶಾಲಾಭಿವೃದ್ಧಿ ಸಮಿತಿಯವರನ್ನು (ಎಸ್‌ಡಿಎಂಸಿ) ಕೇಳಿ. ಊಟ ಪುಟ್ಟ ಮಕ್ಕಳಿಗೂ ಇದೆಯೇ, ಶೌಚಾಲಯ ಅವರ ಎತ್ತರಕ್ಕಿದೆಯೇ, ದೊಡ್ಡ ಮಕ್ಕಳ ಓಡಾಟದ ನಡುವೆ ಇವರಿಗೆ ಬೇರೆ ಅಂಗಳವಿದೆಯೇ ಎಂಬುದೂ ಮುಖ್ಯ. ಶಾಲೆ ಹೋಬಳಿ ಕೇಂದ್ರದಲ್ಲಿದ್ದು ಮನೆ ಒಳಗಿನ ಹಳ್ಳಿಯಲ್ಲಿದ್ದರೆ ಮತ್ತೆ ದಾರಿಯ ಪ್ರಶ್ನೆಗೇ ಬರುತ್ತೇವೆ.

ಬಡಾವಣೆಯ ಪ್ಲೇಹೋಮ್

ಶಿವಮೊಗ್ಗದ ವಿನೋಬನಗರ, ಗೋಪಾಳ, ರವೀಂದ್ರನಗರದಂಥ ಕಡೆ ವಾಸದ ಮನೆಯನ್ನೇ ಪ್ಲೇಹೋಮ್ ಮಾಡಿರುತ್ತಾರೆ. ಎರಡೂವರೆಯಿಂದ ನಾಲ್ಕರವರೆಗಿನ ಮಗುವಿಗೆ, ದಿನಕ್ಕೆ ಎರಡು ಮೂರು ಗಂಟೆಗೆ, ಇದು ಹಿತ. ಹತ್ತು ಹನ್ನೆರಡು ಮಕ್ಕಳು, ಒಬ್ಬರು ಟೀಚರ್, ಒಬ್ಬರು ಆಯಾ ಇರುವ ಕಡೆ ಮಗು ಬೇಗ ಹೊಂದಿಕೊಳ್ಳುತ್ತದೆ. ದೊಡ್ಡ ಹೆಸರಿನ ಶಾಖೆಯಾದರೆ ಹಾಡು, ಚಟುವಟಿಕೆ, ಕಿಟ್ ಎಲ್ಲ ಸಿದ್ಧವಾಗಿ ಬರುತ್ತವೆ, ಅದರ ದರವೂ ಶುಲ್ಕದಲ್ಲಿ ಸೇರಿರುತ್ತದೆ. ಸ್ವಂತವಾಗಿ ನಡೆಸುವವರ ಬಳಿ ಕಿಟ್ ಇರಲಿಕ್ಕಿಲ್ಲ, ಆದರೆ ನಡೆಸುವವರೇ ಇಡೀ ದಿನ ಮಕ್ಕಳ ಜೊತೆ ಇದ್ದರೆ ಅದರ ಬೆಲೆ ಹೆಚ್ಚು. ನಮ್ಮ ಒಲವು ಎರಡನೆಯದರ ಕಡೆಗೆ.

ಮನೆ ಮಕ್ಕಳಿಗಾಗಿ ಕಟ್ಟಿದ್ದಲ್ಲ ಎಂಬುದು ಇಲ್ಲಿನ ಅಪಾಯ. ಅಂಗಳದ ಸಂಪಿನ ಮುಚ್ಚಳಕ್ಕೆ ಬೀಗ ಇದೆಯೇ ಎಂದು ಎಲ್ಲಕ್ಕಿಂತ ಮೊದಲು ನೋಡಿ. ಮಹಡಿ ಮೆಟ್ಟಿಲಿಗೆ ಗೇಟು, ಬೀದಿಯ ಗೇಟಿಗೆ ಮಗುವಿನ ಕೈಗೆಟುಕದ ಚಿಲಕ, ಕೆಳಗಿರುವ ಪ್ಲಗ್ ಪಾಯಿಂಟಿಗೆ ಮುಚ್ಚಳ, ಕರೆಂಟು ಹೋದಾಗ ಯುಪಿಎಸ್ ಇವು ನಂತರದವು. ಆಷಾಢದ ಮಧ್ಯಾಹ್ನ ಮೋಡ ಕವಿದಾಗ ಒಳಕೋಣೆ ಎಷ್ಟು ಕತ್ತಲಾಗುತ್ತದೆಂದರೆ ಮಕ್ಕಳು ಒಬ್ಬರಾದ ಮೇಲೊಬ್ಬರು ಅಳತೊಡಗುತ್ತಾರೆ. ನಡೆಸಲು ಅನುಮತಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಎಲ್‌ಕೆಜಿ, ಯುಕೆಜಿಯನ್ನೂ ಇಲ್ಲೇ ಮಾಡಿಸುವುದಾದರೆ ಶಿಕ್ಷಣ ಇಲಾಖೆಯ ನೋಂದಣಿ ಕಾಗದ ನೋಡಲೇಬೇಕು.

ದೊಡ್ಡ ಖಾಸಗಿ ಶಾಲೆಯ ಎಲ್‌ಕೆಜಿ

ಇಲ್ಲಿಗೆ ಕರೆತರುವುದು ಹೆಚ್ಚಾಗಿ ಸೀಟಿನ ಭಯ. ಅದನ್ನು ಪರೀಕ್ಷಿಸಲು ಸುಲಭ ದಾರಿಯಿದೆ. ಆ ಶಾಲೆಯಲ್ಲಿ ಯುಕೆಜಿಗೆ ಎಷ್ಟು ವಿಭಾಗ, ಒಂದನೇ ತರಗತಿಗೆ ಎಷ್ಟು ವಿಭಾಗ ಎಂದು ಕೇಳಿ. ಯುಕೆಜಿ ಎರಡು, ಒಂದನೇ ತರಗತಿ ಮೂರು ಎಂದರೆ ಒಂದು ವಿಭಾಗದಷ್ಟು ಸೀಟು ಹೊರಗಿನವರಿಗೇ ಹೋಗುತ್ತದೆ, ಭಯ ಬೇಡ. ಎರಡೂ ಸಮ ಇದ್ದರೆ ಭಯಕ್ಕೆ ಆಧಾರವಿದೆ. ಹಾಗಿದ್ದರೂ ನಾಲ್ಕು ತುಂಬಿದ ಮೇಲೆ ಎಲ್‌ಕೆಜಿಗೆ ಸೇರಿಸಿ. ಸೀಟು ಹಿಡಿಯುವುದಕ್ಕೆಂದೇ ಮೂರು ವರ್ಷದ ಮಗುವನ್ನು ದೂರದ ನರ್ಸರಿಗೆ ಕಳಿಸಬೇಡಿ. ಇನ್ನು ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆಯ) ಸೀಟು ನಂಬಿಕೊಂಡವರಿಗೆ ಒಂದು ಮಾತು: 2019ರ ತಿದ್ದುಪಡಿಯ ನಂತರ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗುವುದಿಲ್ಲ. ನಮ್ಮ ಕಡೆ ಸರ್ಕಾರಿ ಶಾಲೆ ಇಲ್ಲದ ಊರೇ ಅಪರೂಪ.

ಒಳ್ಳೆಯದೂ ಬಹಳವಿದೆ. ಕಟ್ಟಡ ಗಟ್ಟಿ, ಮೈದಾನ ದೊಡ್ಡದು, ಟೀಚರ್ ರಜೆ ಹಾಕಿದರೆ ಇನ್ನೊಬ್ಬರು ಇರುತ್ತಾರೆ, ಅಣ್ಣನೋ ಅಕ್ಕನೋ ಅಲ್ಲೇ ಇದ್ದರೆ ಒಂದೇ ವ್ಯಾನು, ಒಂದೇ ರಜೆ. ಬೇಡದ್ದು ಎರಡು: ತುಂಬಿದ ತರಗತಿ ಮತ್ತು ಬೇಗ ಹಿಡಿಸುವ ಪೆನ್ಸಿಲ್. ಮೂರೂವರೆ, ನಾಲ್ಕರಲ್ಲಿ ಬೆರಳಿನ ಬಲ ಇನ್ನೂ ಕೂಡಿಬಂದಿರುವುದಿಲ್ಲ. ಹಿಟ್ಟು ನಾದುವುದು, ಹೂವು ಪೋಣಿಸುವುದು, ಕಾಗದ ಹರಿಯುವುದು, ಮರಳಿನಲ್ಲಿ ಗೀಚುವುದು ಮೊದಲು, ಬರವಣಿಗೆ ಆಮೇಲೆ. ಈ ಕ್ರಮ ತಪ್ಪಿದರೆ ಮಗು ಮುಷ್ಟಿಯಲ್ಲಿ ಪೆನ್ಸಿಲ್ ಹಿಡಿದು ಬರೆಯಲು ಕಲಿಯುತ್ತದೆ, ಆ ಹಿಡಿತ ಬಿಡಿಸಲು ವರ್ಷಗಟ್ಟಲೆ ಬೇಕು. ಎಲ್‌ಕೆಜಿ ಮಗುವಿನ ಆಗಸ್ಟ್ ತಿಂಗಳ ನೋಟ್‌ಬುಕ್ ತೋರಿಸಿ ಎಂದು ಕೇಳಿ. ಪುಟಗಟ್ಟಲೆ ಅಕ್ಷರ, ಕೆಂಪು ಶಾಯಿಯ ತಿದ್ದು ಇದ್ದರೆ ಮನೆಯಲ್ಲಿ ಸಂಜೆಗಳು ಹೇಗಿರುತ್ತವೆ ಎಂದು ಅಲ್ಲೇ ಗೊತ್ತಾಗುತ್ತದೆ. 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಪೂರ್ವ ಪ್ರಾಥಮಿಕ ಮಕ್ಕಳಿಗೆ ಬ್ಯಾಗೇ ಬೇಡ ಎಂದಿದೆ. ಊಟದ ಡಬ್ಬಿ, ನೀರಿನ ಬಾಟಲಿ, ಒಂದು ಜೊತೆ ಬಟ್ಟೆ ಹಿಡಿಸುವ ಚೀಲ ಸಾಕು.

ಮಾಂಟೆಸ್ಸರಿ

ರೋಮ್‌ನಲ್ಲಿ 1907ರಲ್ಲಿ ಶುರುವಾದ ಪದ್ಧತಿ. ಮಾರಿಯಾ ಮಾಂಟೆಸ್ಸರಿ 1939ರಿಂದ ಹಲವು ವರ್ಷ ಭಾರತದಲ್ಲೇ ಇದ್ದು ತರಬೇತಿ ಕೊಟ್ಟವರು. ಆದರೆ ಆ ಹೆಸರನ್ನು ಯಾರು ಬೇಕಾದರೂ ಫಲಕದಲ್ಲಿ ಬರೆಸಿಕೊಳ್ಳಬಹುದು. ಅಸಲಿಯೋ ಎಂದು ತಿಳಿಯಲು ಒಳಗೆ ನೋಡಿ: ಎರಡೂವರೆಯಿಂದ ಆರರ ಮಕ್ಕಳು ಒಂದೇ ಕೋಣೆಯಲ್ಲಿ, ಮಗುವಿನ ಎದೆಮಟ್ಟದ ತೆರೆದ ಕಪಾಟು, ಒಂದು ಸೆಂಟಿಮೀಟರಿನಿಂದ ಹತ್ತರವರೆಗಿನ ಹತ್ತು ಗುಲಾಬಿ ಘನಗಳು, ಉಪ್ಪುಕಾಗದದ ಅಕ್ಷರಗಳು, ನೀರು ಹೊಯ್ಯುವ ಸಣ್ಣ ಹೂಜಿ. ಬೆಳಿಗ್ಗೆ ಎರಡೂವರೆ ಮೂರು ಗಂಟೆ ಕಾಲ, ನಡುವೆ ಬೆಲ್ ಬಾರಿಸದೆ, ಮಗು ತಾನೇ ಆರಿಸಿದ ಕೆಲಸ ಮಾಡುತ್ತಿರುತ್ತದೆ. ವಯಸ್ಸಿನ ಪ್ರಕಾರ ತರಗತಿ, ಅರ್ಧ ಗಂಟೆಗೊಂದು ವಿಷಯ, ಸಾಮಗ್ರಿ ಬೀರುವಿನ ಗಾಜಿನ ಹಿಂದೆ ಎಂದಾದರೆ ಅದು ಹೆಸರಷ್ಟೇ.

ಈ ದಾರಿ ಹಿಡಿದರೆ ಮೂರು ವರ್ಷವೂ ಅಲ್ಲೇ ಇರಲು ಸಿದ್ಧರಿರಬೇಕು. ಮೊದಲ ವರ್ಷ ಮಗು ನೋಡುತ್ತದೆ, ಎರಡನೆಯದರಲ್ಲಿ ಕೈ ಹಾಕುತ್ತದೆ, ಮೂರನೆಯದರಲ್ಲಿ ಎಲ್ಲ ಕೂಡಿಬರುತ್ತದೆ. ಒಂದು ವರ್ಷಕ್ಕೆ ಬಿಡಿಸಿ ಎಲ್‌ಕೆಜಿಗೆ ಹಾಕುವ ಯೋಚನೆಯಿದ್ದರೆ ಆ ದುಡ್ಡಿಗೆ ತಕ್ಕ ಫಲ ಇಲ್ಲ. ತಾಲ್ಲೂಕಿನ ಸಣ್ಣ ಪೇಟೆಗಳಲ್ಲಿ ಪೂರ್ಣ ತರಬೇತಿ ಪಡೆದವರು ಸಿಗುವುದು ಕಷ್ಟ. ಶಿವಮೊಗ್ಗ ನಗರದಲ್ಲಿ ಮನೆ ಇರುವವರಿಗೆ ಮಾತ್ರ ಇದು ನಿಜವಾದ ಆಯ್ಕೆ.

ನಾಲ್ಕರವರೆಗೆ ಮನೆಯಲ್ಲೇ

ಇದು ಸೋಮಾರಿತನದ ಆಯ್ಕೆ ಅಲ್ಲ. ಮನೆಯಲ್ಲಿ ಗಟ್ಟಿಮುಟ್ಟಾದ ಅಜ್ಜಿ, ಆಡಲು ಬೇರೆ ಮಕ್ಕಳು, ಮಾತು, ಕಥೆ, ಅಂಗಳ ಇದ್ದರೆ ನಾಲ್ಕರವರೆಗೆ ಮಗು ಏನನ್ನೂ ಕಳೆದುಕೊಳ್ಳುವುದಿಲ್ಲ. ಅಜ್ಜಿಗೆ ಮೊಣಕಾಲು ನೋವಿದ್ದು, ಮಗು ಮೊಬೈಲ್ ಹಿಡಿದು ಕೂರುವಂತಾದರೆ, ಸುತ್ತ ಎರಡು ಕಿಲೋಮೀಟರಿಗೆ ಇನ್ನೊಂದು ಮಗುವಿಲ್ಲದಿದ್ದರೆ, ವಾರಕ್ಕೆ ಎರಡು ಮೂರು ಬೆಳಗಾದರೂ ಅಂಗನವಾಡಿಗೆ ಕರೆದೊಯ್ಯಿರಿ.

ಯಾರಿಗೆ ಯಾವುದು

ಹಳ್ಳಿಯಲ್ಲಿ ಮನೆ, ಹತ್ತು ನಿಮಿಷದೊಳಗೆ ನಡೆಯುವ ಅಂಗನವಾಡಿ, ಟೀಚರ್ ದಿನವೂ ಬರುವವರು: ಮೂರಕ್ಕೆ ಅಲ್ಲಿ, ನಾಲ್ಕು ತುಂಬಿದ ಮೇಲೆ ಬೇಕಿದ್ದರೆ ಎಲ್‌ಕೆಜಿ. ಉಳಿಯುವ ದುಡ್ಡಿನಲ್ಲಿ ಸ್ವಲ್ಪವನ್ನು ಚಿತ್ರಪುಸ್ತಕಕ್ಕೆ ಇಟ್ಟು ದಿನಕ್ಕೊಂದು ಕಥೆ ಓದಿದರೆ ಪೇಟೆಯ ಮಗುವಿಗಿಂತ ಹಿಂದೆ ಬೀಳುವ ಮಾತೇ ಇಲ್ಲ.

ತೀರ್ಥಹಳ್ಳಿ, ಸಾಗರ, ಹೊಸನಗರದಂಥ ಪೇಟೆಯಲ್ಲಿ ಇಬ್ಬರೂ ಕೆಲಸದವರಾದರೆ ಶಾಲೆಯ ಗುಣಮಟ್ಟಕ್ಕಿಂತ ಮಧ್ಯಾಹ್ನದ ಏರ್ಪಾಡನ್ನು ಮೊದಲು ಹುಡುಕಿ. ಸಂಜೆ ನಾಲ್ಕರವರೆಗಿನ ಅಂಗನವಾಡಿ ಅಥವಾ ಡೇಕೇರ್ ಇರುವ ಪ್ಲೇಹೋಮ್, ಕೆಲಸದ ಜಾಗಕ್ಕೆ ಹತ್ತಿರ. ಮನೆಗೆ ಹತ್ತಿರವಿದ್ದು ಆಫೀಸಿಗೆ ದೂರವಿದ್ದರೆ ಜ್ವರದ ಫೋನು ಬಂದ ದಿನ ಕಷ್ಟ.

ಶಿವಮೊಗ್ಗ ನಗರದಲ್ಲಿದ್ದು ಬಜೆಟ್ ಸಾಧಾರಣವಾದರೆ, ನಾಲ್ಕರವರೆಗೆ ಬೀದಿಯಾಚೆಯ ಸಣ್ಣ ಪ್ಲೇಹೋಮ್ ಅಥವಾ ವಾರ್ಡಿನ ಅಂಗನವಾಡಿ, ಆಮೇಲೆ ಸರ್ಕಾರಿ ಇಲ್ಲವೇ ಹತ್ತಿರದ ಖಾಸಗಿ ಎಲ್‌ಕೆಜಿ. ಬಜೆಟ್ ಧಾರಾಳವಾಗಿದ್ದು ಒಳ್ಳೆಯ ಮಾಂಟೆಸ್ಸರಿ ಹತ್ತು ನಿಮಿಷದಲ್ಲಿದ್ದರೆ ಮೂರರಿಂದ ಆರರವರೆಗೆ ಅದೇ. ನಡಿಗೆ, ಮಾತು ತಡವಾದ ಮಗು, ಉಬ್ಬಸವಿರುವ ಮಗುವಿಗೆ ಶಾಲೆಯ ಹೆಸರನ್ನೆಲ್ಲ ಬದಿಗಿಟ್ಟು ಕಡಿಮೆ ಮಕ್ಕಳು, ಹೆಚ್ಚು ಕೈಗಳು, ಒಣ ಕೋಣೆ ಇರುವ ಕಡೆಗೇ ಹೋಗಿ.

ಸೇರಿಸಿದ ಮೇಲೆ

ಮೊದಲ ಎರಡು ದಿನ ಒಂದು ಗಂಟೆ, ಮೂರನೆಯ ದಿನದಿಂದ ಎರಡು ಗಂಟೆ, ಎರಡನೆಯ ವಾರದಿಂದ ಪೂರ್ತಿ. ಇದಕ್ಕೆ ಒಪ್ಪದ ಶಾಲೆಯಾದರೆ ಸೇರಿಸುವ ಮೊದಲೇ ಮತ್ತೊಮ್ಮೆ ಯೋಚಿಸಿ. ಬಿಟ್ಟು ಬರುವಾಗ ಕಣ್ಣು ತಪ್ಪಿಸಿ ಬರಬೇಡಿ. ಹಾಗೆ ಮಾಡಿದರೆ ಮಗು ಮರುದಿನದಿಂದ ಸೆರಗು ಬಿಡುವುದಿಲ್ಲ, ಯಾವ ಕ್ಷಣ ಮಾಯವಾಗುತ್ತಾರೋ ಎಂಬ ಭಯ. 'ಊಟ ಆದ ಮೇಲೆ ಬರ್ತೀನಿ' ಎಂದು ಮಗುವಿಗೆ ತಿಳಿಯುವ ಗುರುತಿನಲ್ಲಿ ಹೇಳಿ, ಒಮ್ಮೆ ಮುತ್ತು ಕೊಟ್ಟು, ತಿರುಗಿ ನೋಡದೆ ಬನ್ನಿ. ನೀವು ಮರೆಯಾದ ಹತ್ತು ನಿಮಿಷದಲ್ಲಿ ಅಳು ನಿಲ್ಲುತ್ತದೆಯೇ ಎಂದು ಟೀಚರನ್ನು ಕೇಳಿ, ಬೀಳ್ಕೊಡುವಾಗಿನ ಅಳುವಿಗಿಂತ ಅದೇ ನಂಬಬೇಕಾದ ಸೂಚನೆ.

ಮಳೆ ರಜೆ ಬಂದು ನಾಲ್ಕು ದಿನ ಮನೆಯಲ್ಲಿದ್ದರೆ ಐದನೆಯ ದಿನ ಮತ್ತೆ ಮೊದಲ ದಿನದಂತೆಯೇ ಅಳು. ಗಾಬರಿ ಬೇಡ, ಆ ದಿನ ಅರ್ಧ ಗಂಟೆ ಮೊದಲೇ ಕರೆತರುತ್ತೇನೆ ಎಂದು ಹೇಳಿ ಕಳಿಸಿ. ಮೊದಲ ವರ್ಷ ಆರೆಂಟು ಸಲ ನೆಗಡಿ ಕೆಮ್ಮು ಬರುವುದು ಯಾವ ಶಾಲೆಯಾದರೂ ಇದ್ದದ್ದೇ. ಕೊಡೆ ಮೂರು ವರ್ಷದ ಕೈಗೆ ಭಾರ. ಬೆನ್ನಿನ ಚೀಲವೂ ಒಳಗೆ ಬರುವಂತೆ ಒಂದು ಅಳತೆ ದೊಡ್ಡ ರೇನ್‌ಕೋಟ್ ತೆಗೆದುಕೊಂಡು ಒಳಗಡೆ ಹೆಸರು ಬರೆಯಿರಿ. ಶೂ ಬದಲು ಪಟ್ಟಿಯ ಚಪ್ಪಲಿಗೆ ಅನುಮತಿ ಕೇಳಿ. ಗುಂಡಿ, ಜಿಪ್ ಇರುವ ಚಡ್ಡಿ ಬೇಡ, ಎಲಾಸ್ಟಿಕ್ ಇರಲಿ. ಹಳ್ಳಿಯ ದಾರಿಯಲ್ಲಿ ನಡೆದು ಬಂದ ಮಗುವಿನ ಕಾಲ್ಬೆರಳ ಸಂದಿಯಲ್ಲಿ ಉಂಬಳ (ಜಿಗಣೆ) ಇದೆಯೇ ಎಂದು ಟೀಚರೂ ಒಮ್ಮೆ ನೋಡಲಿ.

ನಾಲ್ಕು ವಾರ ಕಳೆದರೂ ಮಗು ಅಲ್ಲಿ ಊಟ ಮಾಡುತ್ತಿಲ್ಲ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಿದೆ, ನಿದ್ದೆಯಲ್ಲಿ ಬೆಚ್ಚುತ್ತದೆ, ಒಬ್ಬರ ಹೆಸರು ಹೇಳಿದರೆ ಮೈ ಬಿಗಿ ಹಿಡಿಯುತ್ತದೆ ಎಂದಾದರೆ ಕಾಯಬೇಡಿ, ಅಂದೇ ಹೋಗಿ ಮಾತಾಡಿ. ಭಯದ ಸೂಚನೆ ಇಲ್ಲದೆ ಹೊಂದಿಕೆಯಾಗುತ್ತಿಲ್ಲ ಅಷ್ಟೇ ಎಂದಾದರೆ ದಸರಾ ರಜೆಯವರೆಗೆ ನೋಡಿ. ಮಳೆ ಇಳಿದಿರುತ್ತದೆ, ರಜೆಯ ನಂತರ ಹೊಸ ಜಾಗಕ್ಕೆ ಹೋಗುವುದು ಮಗುವಿಗೆ ಸುಲಭ. ಆ ದಾರಿ ತೆರೆದಿರಬೇಕಾದರೆ ಮೇ ತಿಂಗಳಲ್ಲೇ ವರ್ಷದ ಶುಲ್ಕ ಪೂರ್ತಿ ಕಟ್ಟಬೇಡಿ. ಮೊದಲ ಕಂತಷ್ಟೇ ಕಟ್ಟಿ, ನಡುವೆ ಬಿಟ್ಟರೆ ಏನು ಮರಳಿಸುತ್ತಾರೆ ಎಂಬುದನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ.